ಬಾಂಗಿನ ಹೊತ್ತಿಗೆ ಮಿಕ್ಸಿ

ಕಳೆದ ಚಳಿಗಾಲದಲ್ಲಿ ಒಂದು ಸಂಗೀತ ಕಛೇರಿ ನಡೆಸಿಕೊಡಲು ಜಿದ್ದಾಕ್ಕೆ ಹೋಗಿದ್ದೆ. ಸಮುದ್ರದಂಡೆಯ ಹೊಸ ಸಭಾಂಗಣ, ಯುರೋಪಿನಿಂದ ಬಂದ ಆರ್ಕೆಸ್ಟ್ರಾ, ಒಪೆರಾದ ಹಾಡುಗಳಿಗಾಗಿ ಕರೆಸಿದ ಹೆಸರಾಂತ ಗಾಯಕಿಯರು, ಅವರೆಲ್ಲರ ಮುಂದೆ ನಿಂತು ಕೈ ಆಡಿಸಲು ನಾನು. ತಾಲೀಮಿನ ನಡುವೆ ಅಸರ್, ಅಂದರೆ ಇಳಿಹೊತ್ತಿನ ನಮಾಝಿಗೆ ಕರೆಯುವ ಬಾಂಗ್ ಶುರುವಾಯಿತು. ಅದಾನ್ ಎಂಬುದು ಸರಿಯಾದ ಹೆಸರು, ಆದರೆ ನಮ್ಮ ಕರಾವಳಿಯ ಬ್ಯಾರಿಗಳ ಬಾಯಲ್ಲಿ ಅದು ಬಾಂಗ್. ನಾನೂ ಹಾಗೆಯೇ ಬರೆಯುತ್ತೇನೆ. ವ್ಯವಸ್ಥಾಪಕರು ಬಂದು ಸ್ವಲ್ಪ ಹೊತ್ತು ನಿಲ್ಲಿಸೋಣವೇ ಎಂದು ವಿನಯದಿಂದ ಕೇಳಿದರು. ವಾದಕರು ವಾದ್ಯಗಳನ್ನು ತೊಡೆಯ ಮೇಲಿಟ್ಟು ಫೋನು ನೋಡತೊಡಗಿದರು. ನಾನು ಮಾತ್ರ ನಿಂತೇ ಇದ್ದೆ. ಆ ಹವಾನಿಯಂತ್ರಿತ ಸಭಾಂಗಣದಲ್ಲಿ ನನ್ನ ಮೂಗಿಗೆ ಅರೆದ ತೆಂಗಿನಕಾಯಿಯ, ಹುರಿದ ಕೊತ್ತಂಬರಿಯ ವಾಸನೆ ಬಡಿಯಿತು, ನನಗೆ ಗೊತ್ತಿಲ್ಲದೆ ಬಲಗೈ ಎದೆಯ ಮಟ್ಟಕ್ಕೆ ಎದ್ದಿತ್ತು. ಮೊದಲ ಪಿಟೀಲಿನ ಹೆಂಗಸು ಗಡಿಬಿಡಿಯಲ್ಲಿ ವಾದ್ಯ ಎತ್ತಿಕೊಂಡು, ಶುರು ಮಾಡುವುದೇ ಎಂದು ಕೇಳಿದಳು. ಇಲ್ಲ ಎಂದೆ. ಆ ಕೈ ಅವಳಿಗಾಗಿ ಎದ್ದದ್ದಲ್ಲ, ಮಿಕ್ಸಿಗಾಗಿ ಎದ್ದದ್ದು ಎಂದು ಹೇಳಿದರೆ ಅವಳಿಗೆ ಏನು ಅರ್ಥವಾಗಬೇಕು?

ಪತ್ರಕರ್ತರು ಎಲ್ಲ ಊರಲ್ಲೂ ಒಂದೇ ಪ್ರಶ್ನೆ ಕೇಳುತ್ತಾರೆ. ಬಂದರು ಪಟ್ಟಣದ ಮುಸ್ಲಿಂ ಹುಡುಗಿ ಒಪೆರಾ ಮನೆಗಳ ತನಕ ಹೇಗೆ ಬಂದಳು, ಯಾರಿಂದ ಕಲಿತಳು. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಪಿಯಾನೊ ಹೇಳಿಕೊಟ್ಟ ಸಿಸ್ಟರ್ ಬಗ್ಗೆ ಹೇಳುತ್ತೇನೆ, ವಿಯೆನ್ನಾದಲ್ಲಿ ನನ್ನನ್ನು ಎರಡು ವರ್ಷ ಬೈದು ಬೈದು ತಿದ್ದಿದ ಮೇಷ್ಟ್ರ ಬಗ್ಗೆ ಹೇಳುತ್ತೇನೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಹ ಉತ್ತರಗಳು ಇವು. ಊರಿನ ನೆಂಟರಿಗಂತೂ ಅದೂ ಬೇಕಿಲ್ಲ. ನಾನು ಕಂಡಕ್ಟರ್ ಎಂದರೆ ಯಾವ ರೂಟು ಎಂದು ಕೇಳಿ ನಗುತ್ತಾರೆ, ನಗಲಿ. ವಿಮರ್ಶಕರು ನನ್ನ ಬಗ್ಗೆ ಬರೆಯುವಾಗಲೆಲ್ಲ ಒಂದು ಮಾತನ್ನು ಮರೆಯದೆ ಬರೆಯುತ್ತಾರೆ: ಈಕೆಯಷ್ಟು ಮೆತ್ತಗೆ ಆರ್ಕೆಸ್ಟ್ರಾ ನುಡಿಸುವವರು ಇನ್ನೊಬ್ಬರಿಲ್ಲ, ಎಂಬತ್ತು ಜನ ಉಸಿರು ಬಿಗಿಹಿಡಿದ ಹಾಗೆ ಕೇಳುತ್ತದೆ ಎಂದು. ಅದನ್ನು ಓದಿದಾಗ ನನಗೆ ಹೆಮ್ಮೆಯಾಗುವುದಿಲ್ಲ, ಸಿಟ್ಟು ಬರುತ್ತದೆ. ಆ ವಿದ್ಯೆಯನ್ನು ನಾನು ವಿಯೆನ್ನಾದಲ್ಲಿ ಕಲಿಯಲಿಲ್ಲ. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ, ಇದೇ ಜಿದ್ದಾದಲ್ಲಿ, ಈಗ ಬುಲ್ಡೋಜರು ಹರಿದು ಬಯಲಾಗಿರುವ ಒಂದು ಗಲ್ಲಿಯ ಮನೆಯಲ್ಲಿ ಕಲಿತೆ.

ಮನೆ ಎಂದರೆ ಮೂರಂತಸ್ತಿನ ಹಳೆಯ ಕಟ್ಟಡದ ಕೆಳಗಿನ ಮಹಡಿಯಲ್ಲಿ, ಹಿಂಬದಿಯ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಹಸಿರು ಚಾಪೆ, ಗೋಡೆಗೊರಗಿಸಿದ ಹಾಸಿಗೆಗಳು, ಒಂದು ಕಪಾಟು. ಹಿಂದಿನದರಲ್ಲಿ ಅಡುಗೆ, ಅದರ ಮೂಲೆಯಲ್ಲೇ ಬಚ್ಚಲು. ಕಿಟಕಿಗಳ ಗಾಜಿಗೆ ಉಪ್ಪ, ಅಂದರೆ ನನ್ನ ತಂದೆ, ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ್ದರು. ಜಿದ್ದಾದಲ್ಲಿ ಬಿಸಿಲಿಗೆ ಎಲ್ಲರೂ ಅಂಟಿಸುತ್ತಾರೆ, ಆದ್ದರಿಂದ ಯಾರಿಗೂ ಸಂಶಯ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದು ಬಿಸಿಲಿಗಲ್ಲ, ನಾವು ಕಾಣಬಾರದೆಂದು. ಉಪ್ಪ ಹಳೇ ಪೇಟೆಯಲ್ಲಿ ಭಟ್ಕಳದವರೊಬ್ಬರ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅವರ ಇಕಾಮಾದಲ್ಲಿ, ಆ ದೇಶದಲ್ಲಿರಲು ಬೇಕಾದ ಗುರುತಿನ ಪುಸ್ತಕದಲ್ಲಿ, ಕೂಲಿ ಎಂದು ಬರೆದಿತ್ತು. ಕೂಲಿಯವನಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಕ್ಕಿರಲಿಲ್ಲ. ಆದ್ದರಿಂದ ನನ್ನ ಉಮ್ಮ ನನ್ನನ್ನು ಕಟ್ಟಿಕೊಂಡು ಉಮ್ರಾ ಯಾತ್ರೆಗೆಂದು ಬಂದರು, ಮಕ್ಕಾದಲ್ಲಿ ಯಾತ್ರೆ ಮುಗಿಸಿದರು, ಗುಂಪಿನವರು ವಿಮಾನ ಹತ್ತುವ ದಿನ ಜಿದ್ದಾದಲ್ಲಿ ಉಳಿದುಬಿಟ್ಟರು. ಆಗ ಹಾಗೆ ಉಳಿದವರು ಬೇಕಾದಷ್ಟು ಜನ ಇದ್ದರು. ಮದುವೆಯಾದ ಮೇಲೆ ಗಂಡನ ಮುಖವನ್ನು ರಜೆಯಲ್ಲಿ ಮಾತ್ರ ನೋಡಿ, ಉಳಿದ ಕಾಲವೆಲ್ಲ ಅತ್ತೆ ನಾದಿನಿಯರ ನಡುವೆ ಕಳೆಯುವುದು ಉಮ್ಮನಿಗೆ ಸಾಕಾಗಿತ್ತು. ಉಪ್ಪ ಬೇಡವೆಂದರೂ ಕೇಳಲಿಲ್ಲವಂತೆ. ಆಮೇಲೆ ಉಮ್ಮ ಹೇಳುತ್ತಿದ್ದ ಮಾತು ನನಗೆ ನೆನಪಿದೆ:

"ಇವರು ಹೆದರುವವರು. ನಾನು ಹೆದರಿದ್ರೆ ನಿನಗೆ ಉಪ್ಪ ಅಂತ ಒಬ್ಬರಿದ್ದಾರೆ ಅಂತ ಫೋಟೋ ನೋಡಿಯೇ ಗೊತ್ತಾಗ್ತಿತ್ತು."

ಮನೆಯಲ್ಲಿ ನಮ್ಮ ಮಾತು ಬ್ಯಾರಿ ಭಾಷೆ. ಇಲ್ಲಿ ಅದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಓದು ಬರಹ ಬಂದದ್ದು ಕನ್ನಡದಲ್ಲಿ. ಕಾಗದಪತ್ರವಿಲ್ಲದ ಮಗುವಿಗೆ ಅಲ್ಲಿ ಶಾಲೆಯಿರಲಿಲ್ಲ. ಉಮ್ಮ ಊರಿನ ಸರಕಾರಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತವರು. ಊರಿಂದ ಯಾರಾದರೂ ತಂದ ಒಣಮೀನು, ಕುಚ್ಚಲಕ್ಕಿ, ಹಪ್ಪಳದ ಪೊಟ್ಟಣಗಳಿಗೆ ಸುತ್ತಿದ ಹಳೇ ಪತ್ರಿಕೆಯ ಹಾಳೆಗಳೇ ನನ್ನ ಪಾಠಪುಸ್ತಕ. ಹಾಗಾಗಿ ನನ್ನ ಮೊದಲ ಕನ್ನಡಕ್ಕೆ ಒಣ ಸಿಗಡಿಯ ವಾಸನೆ ಇತ್ತು. ನಾನು ಅಕ್ಷರಗಳನ್ನು ಗಟ್ಟಿಯಾಗಿ ಓದಿ ಕಲಿಯಲಿಲ್ಲ. ತುಟಿ ಆಡಿಸಿ ಕಲಿತೆ. ಉಮ್ಮ ನನ್ನ ತುಟಿ ನೋಡಿಯೇ ತಪ್ಪು ತಿದ್ದುತ್ತಿದ್ದರು.

ನಮ್ಮ ಮನೆಯ ಕಾನೂನು ಒಂದೇ: ಸದ್ದು ಹೊರಗೆ ಹೋಗಬಾರದು. ಉಪ್ಪ ಅಂಗಡಿಯಲ್ಲಿ ಬಾಯಿಬಡುಕರು. ಬಾಯಿದ್ದವನು ಬರದಲ್ಲೂ ಬದುಕಿದ ಎಂಬ ಗಾದೆ ಅವರಿಗೇ ಹೇಳಿ ಮಾಡಿಸಿದ್ದು, ಗಿರಾಕಿಗಳನ್ನು ಅರಬಿ, ಉರ್ದು, ಮಲಯಾಳ ಮೂರರಲ್ಲೂ ಕೂಗಿ ಕರೆಯುತ್ತಿದ್ದರಂತೆ. ಮನೆಯ ಬಾಗಿಲು ದಾಟಿದ ಕೂಡಲೇ ಆ ಮನುಷ್ಯನ ಗಂಟಲು ಅರ್ಧಕ್ಕಿಳಿಯುತ್ತಿತ್ತು. ಪಕ್ಕದ ಗಲ್ಲಿಯಲ್ಲಿ ನಮ್ಮ ಹಾಗೆಯೇ ಉಳಿದುಕೊಂಡಿದ್ದ ಒಂದು ಕುಟುಂಬವಿತ್ತು. ಮಕ್ಕಳು ಜಗಳವಾಡಿದ ಗಲಾಟೆಗೆ ಯಾರೋ ದೂರು ಕೊಟ್ಟರಂತೆ. ಜವಾಝಾತ್, ಅಂದರೆ ಪರವಾನಗಿ ನೋಡುವ ಪೊಲೀಸರು ಬಂದು ತಾಯಿ ಮಕ್ಕಳನ್ನು ಜೀಪಿಗೆ ಹತ್ತಿಸಿ ತರ್ಹೀಲಿಗೆ, ಗಡೀಪಾರು ಮಾಡುವ ಜೈಲಿಗೆ ಒಯ್ದರು. ಗಂಡ ಇನ್ನೆಲ್ಲೋ ಉಳಿದ. ಆ ದಿನದಿಂದ ನಮ್ಮಲ್ಲಿ ಜಗಳಗಳಿಗೂ ಶಬ್ದವಿಲ್ಲವಾಯಿತು. ಉಮ್ಮ ಸಿಟ್ಟು ಬಂದರೆ ಪಾತ್ರೆಯನ್ನು ಎಂದಿಗಿಂತ ಮೆತ್ತಗೆ ಇಡುತ್ತಿದ್ದರು. ಎಷ್ಟು ಮೆತ್ತಗೆ ಇಟ್ಟರೋ ಅಷ್ಟು ದೊಡ್ಡ ಸಿಟ್ಟು ಎಂದು ಉಪ್ಪನಿಗೂ ನನಗೂ ತಿಳಿದಿತ್ತು.

ಆದರೆ ಸಂಸಾರ ಸದ್ದಿಲ್ಲದೆ ನಡೆಯುವುದಿಲ್ಲ. ಕಾಯಿ ಅರೆಯಬೇಕು, ಬಟ್ಟೆ ಒಗೆಯಬೇಕು, ಕೆಮ್ಮಬೇಕು, ನಗಬೇಕು. ಇದಕ್ಕೆ ದಾರಿ ಕಂಡುಹಿಡಿದವರು ಉಮ್ಮ. ಗಲ್ಲಿಯ ತುದಿಯಲ್ಲಿ ಮಸೀದಿ. ಅದರ ಧ್ವನಿವರ್ಧಕ ಹೆಚ್ಚುಕಡಿಮೆ ನಮ್ಮ ಕಿಟಕಿಗೇ ಮುಖ ಮಾಡಿತ್ತು. ಬಾಂಗ್ ಶುರುವಾದರೆ ನಮ್ಮ ಕೋಣೆಯಲ್ಲಿ ಪಕ್ಕದಲ್ಲಿ ಕೂತವರ ಮಾತು ಕೇಳುತ್ತಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಮನೆಯ ಸದ್ದಿನ ಕೆಲಸವೆಲ್ಲ ಮುಗಿಯಬೇಕು. ಮಿಕ್ಸಿಗೆ ಕಾಯಿ, ಮೆಣಸು, ಕೊತ್ತಂಬರಿ ಮೊದಲೇ ತುಂಬಿಟ್ಟಿರಬೇಕು, ಬಕೆಟ್ಟು ನಲ್ಲಿಯ ಕೆಳಗಿರಬೇಕು, ಬಡಿಯುವ ಬಟ್ಟೆ ನೆನೆದಿರಬೇಕು. ಬಾಂಗ್ ಮುಗಿದ ಮೇಲೆ ಅಂಗಡಿಗಳ ಷಟರ್ ಇಳಿದು, ಜನರೆಲ್ಲ ನಮಾಝಿಗೆ ಹೋಗಿ, ಬೀದಿ ಬಿಕೋ ಎನ್ನುತ್ತದೆ. ನಮಾಝಿಗೆ ಹೋಗದವರನ್ನು ಎಬ್ಬಿಸುವವರು ಗಲ್ಲಿಗಲ್ಲಿ ತಿರುಗುತ್ತಾರೆ. ಆಗ ಒಂದು ಚಮಚ ಬಿದ್ದರೂ ಅಪಾಯ. ಬಾಂಗ್ ಆಗುವಾಗ ಬಾಯಿ ಮುಚ್ಚಿ ಕೇಳಬೇಕು, ಅದಕ್ಕೆ ಮೆಲ್ಲನೆ ಉತ್ತರ ಹೇಳಬೇಕು ಎಂಬುದು ನಮ್ಮ ಧರ್ಮದ ರೂಢಿ. ಅದರ ನಡುವೆ ಮಿಕ್ಸಿ ತಿರುಗಿಸುವುದು ಉಪ್ಪನಿಗೆ ಬಿಸಿ ತುಪ್ಪದ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

"ಸೃಷ್ಟಿ ಮಾಡಿದವನ ಹೆಸರು ಹೇಳುವಾಗ ಗರ್ ಗರ್ ಅಂತ ಎಂತ ಮಾರಾಯ್ತಿ ಇದು? ಶಾಪ ತಟ್ಟಿದ್ರೆ?"

"ಅವನಿಗೆ ನಮ್ಮ ಕಷ್ಟ ಗೊತ್ತುಂಟು. ನಿಮಗೆ ಬಾಂಗ್ ಹೊತ್ತಿಗೆ ಮಿಕ್ಸಿ ಆಗುದಿಲ್ಲ, ಬಂಗುಡೆ ಸಾರು ಮಾತ್ರ ಆಗ್ತದೆ. ಕಾಯಿ ಎಂತ, ಹಲ್ಲಿನಲ್ಲಿ ಅರೀಲಿಕ್ಕಾ?"

ಉಪ್ಪ ಸೋತರು. ಬಂಗುಡೆ ಸಾರಿನ ಎದುರು ಸೋಲದ ಗಂಡಸನ್ನು ನಮ್ಮ ಕಡೆ ನಾನು ಕಂಡಿಲ್ಲ.

ಈ ವ್ಯವಸ್ಥೆಯಲ್ಲಿ ನನಗೊಂದು ಕೆಲಸ ಸಿಕ್ಕಿತು. ಬೆಳ್ಳಿ ಹಾಳೆಯ ಒಂದು ತುದಿ ಎದ್ದ ಕಡೆಯಿಂದ ಗಲ್ಲಿ ಕಾಣುತ್ತಿತ್ತು. ನಾನು ಅಲ್ಲಿ ಸ್ಟೂಲು ಹಾಕಿ ನಿಲ್ಲಬೇಕು. ಧ್ವನಿವರ್ಧಕ ಕರಕರ ಎಂದ ಕೂಡಲೇ ಕೈ ಎತ್ತಬೇಕು, ಉಮ್ಮ ಮಿಕ್ಸಿ ಹಾಕುತ್ತಾರೆ. ಬಾಂಗ್ ಮುಗಿಯುವ ಮೊದಲು ಮುಷ್ಟಿ ಹಿಡಿಯಬೇಕು, ಎಲ್ಲವೂ ನಿಲ್ಲಬೇಕು. ಅಂಗೈ ಕೆಳಗೆ ಮಾಡಿ ಒತ್ತಿದರೆ ಮೆಲ್ಲಗೆ, ಯಾರೋ ಹತ್ತಿರ ಇದ್ದಾರೆ ಎಂದು. ನಿಲ್ಲಿಸುವುದೇ ಕಷ್ಟದ ಕೆಲಸ, ಯಾಕೆಂದರೆ ಬಾಂಗ್ ಕೊಡುತ್ತಿದ್ದ ಮುದುಕರ ಉಸಿರು ದಿನಕ್ಕೊಂದು ತರ. ಕೊನೆಯ ಸಾಲನ್ನು ಒಂದು ದಿನ ಉದ್ದಕ್ಕೆ ಎಳೆಯುವರು, ನೆಗಡಿಯಾದ ದಿನ ತುಂಡು ಮಾಡುವರು. ನಾನು ಅವರ ಜೊತೆಗೇ ಉಸಿರು ಎಳೆದು, ಅವರ ಜೊತೆಗೇ ಬಿಟ್ಟು, ಉಸಿರು ಎಲ್ಲಿ ಮುಗಿಯುತ್ತದೆಂದು ಅವರಿಗಿಂತ ಚೂರು ಮೊದಲೇ ತಿಳಿಯಲು ಕಲಿತೆ. ಇವತ್ತು ಗಾಯಕಿಯೊಬ್ಬಳು ಕೊನೆಯ ಸ್ವರವನ್ನು ಎಷ್ಟೇ ಹಿಡಿದರೂ ನನ್ನ ಆರ್ಕೆಸ್ಟ್ರಾ ಅವಳ ಜೊತೆಗೇ ಇಳಿಯುತ್ತದೆ. ಅದರ ಗುಟ್ಟೇನು ಎಂದು ಕೇಳುವ ಎಳೆಯ ಕಂಡಕ್ಟರುಗಳಿಗೆ ನಾನು ಅಭ್ಯಾಸ ಎನ್ನುತ್ತೇನೆ. ಮುಖವನ್ನೇ ನೋಡದ ಆ ಮುದುಕರು ನನ್ನ ಮೊದಲ ಗುರುಗಳು.

ಉಮ್ಮ ಊರಿನಲ್ಲಿ ಹಾಡುಗಾರ್ತಿ. ಮದುವೆಮನೆಯಲ್ಲಿ ಹೆಂಗಸರು ಮದುಮಗಳ ಸುತ್ತ ಕೂತು ಕೈ ತಟ್ಟಿ ಹಾಡುವಾಗ ಸಾಲು ಎತ್ತಿಕೊಡುತ್ತಿದ್ದದ್ದು ಅವರೇ. ಜಿದ್ದಾದಲ್ಲಿ ಆ ಗಂಟಲಿಗೆ ಬೀಗ ಬಿತ್ತು. ಮಧ್ಯಾಹ್ನ ಉಪ್ಪ ಅಂಗಡಿಗೆ ಮರಳಿದ ಮೇಲೆ ಅವರು ನನ್ನ ಎದುರು ಕೂತು ಹಾಡು ಕಲಿಸುತ್ತಿದ್ದರು. ತುಟಿ ಆಡುತ್ತದೆ, ಕೈ ತಟ್ಟುತ್ತದೆ, ಆದರೆ ಅಂಗೈಗಳು ಒಂದಕ್ಕೊಂದು ತಾಗುವುದಿಲ್ಲ, ಕೂದಲೆಳೆಯಷ್ಟು ದೂರದಲ್ಲಿ ನಿಲ್ಲುತ್ತವೆ. ಅದು ಬಲು ಮೋಜಿನ ಆಟವೆಂದು ನಾನು ತಿಳಿದಿದ್ದೆ. ಉಮ್ಮನ ಕಣ್ಣಲ್ಲಿ ನೀರು ಯಾಕೆ ಬರುತ್ತದೆಂದು ಕೇಳಿದರೆ ಈರುಳ್ಳಿ ಎನ್ನುತ್ತಿದ್ದರು. ಮಧ್ಯಾಹ್ನದ ಹೊತ್ತು ಯಾವ ಈರುಳ್ಳಿ?

ನನ್ನ ತಂಗಿ ಸಫಿಯಾ ಹುಟ್ಟಿದ್ದು ಆ ಮನೆಯಲ್ಲೇ. ಉಪ್ಪ ಊರಿನ ಕಡೆಯ ಒಬ್ಬ ಹಿರಿಯ ಹೆಂಗಸನ್ನು ಕರೆತಂದರು, ಉಮ್ಮ ಟವೆಲು ಕಚ್ಚಿಕೊಂಡು ಹೆತ್ತರು. ತಂಗಿಯ ಮೊದಲ ಅಳು ಮಾತ್ರ ಮನೆ ತುಂಬ ಕೇಳಿತು, ಉಪ್ಪ ಬೆವರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಮೊದಲ ತಿಂಗಳುಗಳು ನರಕ. ಅತ್ತರೆ ಎದೆಗೆ ಹಿಡಿಯುವುದು, ಅತ್ತರೆ ರೇಡಿಯೋದಲ್ಲಿ ಕುರಾನ್ ಪಾರಾಯಣ ದೊಡ್ಡದು ಮಾಡುವುದು, ಅತ್ತರೆ ಹಾಸಿಗೆಗಳ ನಡುವೆ ಕೂತು ತೂಗುವುದು. ಕೂತು ಆಡುವ ವಯಸ್ಸಾದ ಮೇಲೆ ಅವಳೂ ನನ್ನ ಕೈ ನೋಡತೊಡಗಿದಳು. ಅಂಗೈ ಕೆಳಗೆ ಒತ್ತಿದರೆ ಮುಖ ಸಣ್ಣದು ಮಾಡಿ ಸುಮ್ಮನಾಗುವಳು. ಬಾಂಗ್ ಆಗುವಾಗ ನಾನು ಕೈ ಎತ್ತಿದರೆ ಕೇಕೆ ಹಾಕುವಳು, ಅಳುವುದಿದ್ದರೆ ಆಗಲೇ ಅತ್ತು ಮುಗಿಸುವಳು. ಮುಷ್ಟಿ ಹಿಡಿದರೆ ಬಾಯಿ ತೆರೆದಿದ್ದಂತೆಯೇ ದನಿ ನಿಲ್ಲುವುದು. ಉಪ್ಪ ಅವಳನ್ನು ಎತ್ತಿ ಆಡಿಸುತ್ತ ಹೇಳುತ್ತಿದ್ದರು:

"ಇಂಥ ಮಗು ಯಾರ ಮನೆಯಲ್ಲಿ ಉಂಟು ಹೇಳು? ಅಳುದೇ ಇಲ್ಲ. ದೇವರು ನಮ್ಮನ್ನು ನೋಡಿ ಆರಿಸಿ ಕೊಟ್ಟದ್ದು."

ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ ಎಂಬ ಮಾತು ಕನ್ನಡ ಬಲ್ಲವರಿಗೆಲ್ಲ ಗೊತ್ತು. ನಮ್ಮ ಮನೆಯಲ್ಲಿ ಅದು ಯಾರಿಗೂ ನೆನಪಾಗಲಿಲ್ಲ. ತಂಗಿಗೆ ಆ ಸನ್ನೆ ಕಲಿಸಿದ್ದಕ್ಕೆ ನಿಮಗೆ ಪಶ್ಚಾತ್ತಾಪವಿಲ್ಲವೇ ಎಂದು ಈ ಹಾಳೆಗಳನ್ನು ಮೊದಲು ಓದಿದ ಗೆಳತಿ ಕೇಳಿದಳು. ಇಲ್ಲ. ಹಾಲುಹಲ್ಲು ಬೀಳುತ್ತಿದ್ದ ಮಗುವಿನ ಕೈಗೆ ಒಂದು ಮನೆಯ ಉಸಿರನ್ನು ಕೊಟ್ಟ ದೊಡ್ಡವರ ಮೇಲೆ, ಆ ದೊಡ್ಡವರನ್ನು ಅಷ್ಟು ಹೆದರಿಸಿಟ್ಟ ಲೋಕದ ಮೇಲೆ ನನಗೆ ಸಿಟ್ಟಿದೆ. ಪಶ್ಚಾತ್ತಾಪಕ್ಕೆ ಜಾಗ ಉಳಿಯದಷ್ಟು ಇದೆ.

ಸಫಿಯಾ ಗೋಡೆ ಹಿಡಿದು ನಡೆಯುತ್ತಿದ್ದಾಗ ಅವಳಿಗೆ ಒಂದು ಶೀತ ಬಂತು. ಮೂಗು ಸೋರಿತು, ಮೈ ಬೆಚ್ಚಗಾಯಿತು. ಉಪ್ಪ ಔಷಧಿ ಅಂಗಡಿಯಿಂದ ಜ್ವರದ ಸಿರಪ್ ತಂದರು, ಜ್ವರ ಇಳಿಯಿತು, ಮತ್ತೆ ಏರಿತು. ಅವಳು ಹಟ ಮಾಡಲಿಲ್ಲ, ರಚ್ಚೆ ಹಿಡಿಯಲಿಲ್ಲ. ಸುಮ್ಮನೆ ಚಾಪೆಯ ಮೇಲೆ ಒರಗಿರುತ್ತಿದ್ದಳು. ಆ ದಿನಗಳಲ್ಲೇ ಅವಳು ಒಂದು ಹೊಸ ಆಟ ಶುರುಮಾಡಿದ್ದಳು. ಬಾಂಗ್ ಶುರುವಾದ ಕೂಡಲೇ ಒಂದು ಕೈಯನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಬಾಯಿ ದೊಡ್ಡದಾಗಿ ತೆರೆಯುವಳು. ಬಾಂಗ್ ಕೊಡುವವರು ಕಿವಿಗೆ ಕೈ ಇಟ್ಟುಕೊಳ್ಳುವುದು ಹಾಗೆಯೇ. ಧ್ವನಿವರ್ಧಕದ ಅಬ್ಬರದಲ್ಲಿ ಅವಳ ದನಿ ನಮಗೆ ಕೇಳಿಸುತ್ತಿರಲಿಲ್ಲ, ಬಾಯಿ ಮಾತ್ರ ಕಾಣುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಬಂದಿದ್ದ ಉಪ್ಪ ಅದನ್ನು ಮೊದಲು ನೋಡಿದವರು. ಮಿಕ್ಸಿಯ ಗಲಾಟೆಯ ಮೇಲೆ ಅವರು ಕೂಗಿ ಹೇಳಿದ್ದು ನನಗೆ ಈಗಲೂ ಕೇಳುತ್ತದೆ, ಯಾಕೆಂದರೆ ಆ ಮನೆಯಲ್ಲಿ ಅವರು ಕೂಗಿದ್ದು ಅಪರೂಪ:

"ಇಲ್ಲಿ ನೋಡಿ, ಇಲ್ಲಿ ನೋಡಿ! ನನ್ನ ಮಗಳು ಬಾಂಗ್ ಕೊಡ್ತಾಳೆ!"

ಉಮ್ಮ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದರು, ನಾನು ಸ್ಟೂಲಿನಿಂದ ತಿರುಗಿ ನೋಡಿದೆ. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಮಿಕ್ಸಿಗೆ ಶಾಪ ತಟ್ಟಲಿಲ್ಲ, ಪುಣ್ಯವೇ ಬಂತು ಎಂದು ಉಪ್ಪನ ಕಣ್ಣು ತುಂಬಿತು. ಆಮೇಲೆ ಬಾಂಗ್ ಮುಗಿಯಿತು, ನಾನು ಮುಷ್ಟಿ ಹಿಡಿದೆ, ಸಫಿಯಾ ಬಾಯಿ ಮುಚ್ಚಿ, ಕೈ ಇಳಿಸಿ, ಚಾಪೆಗೆ ಒರಗಿದಳು. ಅಂಗಡಿಯಲ್ಲಿ ಉಪ್ಪ ಅದನ್ನು ಎಲ್ಲರಿಗೂ ಹೇಳಿದರೋ ಏನೋ. ಹೇಳುವ ಹಾಗಿರಲಿಲ್ಲ, ಮಗು ಇರುವುದೇ ಗುಟ್ಟಲ್ಲವೇ. ಮನೆಯಲ್ಲಂತೂ ಆಮೇಲಿನ ಪ್ರತಿ ಬಾಂಗಿಗೂ ನಾವು ಅವಳ ಬಾಯಿ ತೆರೆಯುವುದನ್ನು ಕಾಯುತ್ತಿದ್ದೆವು. ಒಂದೊಂದು ಸಲ ಅವಳ ಕೆನ್ನೆ ಒದ್ದೆಯಾಗಿರುತ್ತಿತ್ತು. ಭಕ್ತಿ ಎಂದರು ಉಪ್ಪ, ತಮಾಷೆಗೆ.

ಒಂದು ಬೆಳಿಗ್ಗೆ ಉಮ್ಮ ಅವಳನ್ನು ಎಬ್ಬಿಸಿದರೆ ಏಳಲಿಲ್ಲ. ದಿಂಬಿನ ಬಟ್ಟೆಯ ಮೇಲೆ ಕಿವಿಯ ಕಡೆ ಹಳದಿ ಕಲೆ, ಕೆಟ್ಟ ವಾಸನೆ. ಕುತ್ತಿಗೆ ಸೆಟೆದಿತ್ತು, ಕಣ್ಣು ಅರ್ಧ ತೆರೆದು ಎತ್ತಲೋ ನೋಡುತ್ತಿತ್ತು. ಉಪ್ಪ ಅಂಗಡಿಯಲ್ಲಿದ್ದರು. ಅವರಿಗೆ ಹೇಳಿ ಕಳಿಸಲು ಜನವಿಲ್ಲ. ಉಮ್ಮ ಒಂದು ಗಳಿಗೆ ನಿಂತರು. ಹೊರಗೆ ಕಾಲಿಟ್ಟರೆ ಏನಾಗುತ್ತದೆಂದು ಆ ಮನೆಯಲ್ಲಿ ನನಗೂ ಬಾಯಿಪಾಠ. ಆಮೇಲೆ ಅವರು ಅಬಾಯ ಎಂಬ ಕರಿಯ ನಿಲುವಂಗಿ ಹಾಕಿಕೊಂಡು, ಮಗುವನ್ನು ಅದರೊಳಗೆ ಹಿಡಿದು, ನನ್ನ ಕೈ ಎಳೆದುಕೊಂಡು ಹಿಂದಿನ ಓಣಿಯಿಂದಲ್ಲ, ಕಟ್ಟಡದ ಮುಂಬಾಗಿಲಿನಿಂದಲೇ ಹೊರಟರು. ಬಾಗಿಲಲ್ಲಿ ಕಟ್ಟಡದ ಕಾವಲುಗಾರ ಚಹಾ ಕುಡಿಯುತ್ತ ಕೂತಿದ್ದ. ನಮ್ಮನ್ನು ಕಂಡು ನೀವು ಯಾರು ಎಂದು ಕೇಳಲಿಲ್ಲ. ಲೋಟ ಕೆಳಗಿಟ್ಟು ರಸ್ತೆಗೆ ಓಡಿ, ಟ್ಯಾಕ್ಸಿಗೆ ಅಡ್ಡ ನಿಂತು ನಿಲ್ಲಿಸಿ, ಆಸ್ಪತ್ರೆಯ ಹೆಸರನ್ನು ತಾನೇ ಹೇಳಿದ.

ಆಸ್ಪತ್ರೆಯಲ್ಲಿ ಮಗುವನ್ನು ಇಸಿದುಕೊಂಡದ್ದು ಒಬ್ಬ ಮಲಯಾಳಿ ನರ್ಸ್. ಬ್ಯಾರಿ ಭಾಷೆಗೂ ಮಲಯಾಳಕ್ಕೂ ದಾಯಾದಿ ಸಂಬಂಧ, ಹಾಗಾಗಿ ಮಾತಿಗೆ ತೊಂದರೆಯಾಗಲಿಲ್ಲ. ಅವಳು ಇಕಾಮಾ ಕೇಳುತ್ತಾಳೆ ಎಂದು ಉಮ್ಮ ಹೆದರಿದ್ದರು. ಅವಳು ಕೇಳಿದ್ದು ಬೇರೆ.

"ಎಷ್ಟು ದಿವಸದಿಂದ ಅಳ್ತಾ ಉಂಟು ಇದು?"

"ಅಳಲಿಲ್ಲ," ಎಂದರು ಉಮ್ಮ. "ನಮ್ಮ ಮಗು ಅಳುದಿಲ್ಲ."

ನರ್ಸಿಗೆ ಸಿಟ್ಟು ಬಂತು.

"ಎಂತ ಹೇಳ್ತೀರಿ ನೀವು? ಕಿವಿಯೊಳಗೆ ಕೀವು ತುಂಬಿ ಒಡೆದು, ಮೇಲೆ ಮಿದುಳಿಗೆ ಹೋಗಿದೆ. ದೊಡ್ಡವರಾದ್ರೆ ನೆಲದಲ್ಲಿ ಉರುಳ್ತಾರೆ ಆ ನೋವಿಗೆ. ಕಿವಿ ಹಿಡ್ಕೊಂಡು ಕಿರುಚಿರ್ಬೇಕಲ್ಲ?"

ಉಮ್ಮ ನಿಧಾನಕ್ಕೆ ತಮ್ಮ ಕೈಯನ್ನೇ ಕಿವಿಗೆ ಒತ್ತಿಕೊಂಡರು, ಸಫಿಯಾ ಒತ್ತಿಕೊಳ್ಳುತ್ತಿದ್ದ ಹಾಗೆ, ಮತ್ತು ಅವರ ಮುಖದಲ್ಲಿ ಅರ್ಥ ಇಳಿಯುವುದನ್ನು ನಾನು ನೋಡಿದೆ. ಅಷ್ಟರಲ್ಲಿ ಡಾಕ್ಟರು ಬಂದರು, ಮಗುವಿನ ಬೆನ್ನು ಬಗ್ಗಿಸಿ ಹಿಡಿದರು, ಸೂಜಿ ಚುಚ್ಚಿದರು. ಸಫಿಯಾಳಿಗೆ ಎಚ್ಚರವಾಯಿತು. ಬಾಯಿ ತೆರೆಯಿತು, ಹಣೆ ಕೆಂಪಗಾಯಿತು, ಗಂಟಲಿನ ನರ ಎದ್ದಿತು. ದನಿ ಬರಲಿಲ್ಲ. ಅವಳ ಕಣ್ಣು ನನ್ನನ್ನು ಹುಡುಕಿ, ನನ್ನ ಕೈಯ ಮೇಲೆ ನಿಂತಿತು. ನಾನು ಹೆದರಿ ಉಮ್ಮನ ಅಬಾಯದ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಅದನ್ನು ಬಿಡಿಸುವಷ್ಟರಲ್ಲಿ ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು.

ಒಪೆರಾದಲ್ಲಿ ಸಾಯುವವರು ಸಾಯುವ ಮೊದಲು ಕಾಲು ಗಂಟೆ ಹಾಡುತ್ತಾರೆ. ವಿಷ ಕುಡಿದವರು, ಕ್ಷಯದವರು, ಎದೆಗೆ ಕತ್ತಿ ಹೊಕ್ಕವರು, ಎಲ್ಲರೂ. ಪ್ರೇಕ್ಷಕರು ಕಣ್ಣೊರೆಸಿಕೊಳ್ಳುತ್ತಾರೆ, ನಾನು ಕೆಳಗೆ ನಿಂತು ಅವರಿಗೆ ಉಸಿರಿಗೆ ಜಾಗ ಬಿಡಿಸಿ ಕೊಡುತ್ತೇನೆ. ಇದೆಲ್ಲ ಸುಳ್ಳು ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಷ್ಟು ಹೊತ್ತು, ಅಷ್ಟು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ನೋವು ಹೇಳಿಕೊಂಡು ಸಾಯುವುದು ಮನುಷ್ಯರಿಗೆ ಸಿಗಬೇಕಾದ ಮರ್ಯಾದೆ. ನನ್ನ ತಂಗಿ ಮಧ್ಯಾಹ್ನದ ಊಟದ ಹೊತ್ತಿಗೆ ತೀರಿಕೊಂಡಳು. ಬಾಗಿಲ ಹೊರಗೆ ಕೂತಿದ್ದ ನಮಗೆ ಒಳಗಿನಿಂದ ಏನೂ ಕೇಳಲಿಲ್ಲ.

ನರ್ಸ್ ಅಂಗಡಿಗೆ ಫೋನು ಮಾಡಿದ್ದಳು; ಅಂಗಡಿಯ ಸಾಹೇಬರು, ಆ ಭಟ್ಕಳದ ಯಜಮಾನರು, ಉಪ್ಪನ ಜೊತೆ ಓಡಿಬಂದರು. ಆಸ್ಪತ್ರೆಯವರೊಂದಿಗೆ ಏನು ಮಾತಾಡಿದರೋ, ಯಾರ ಕೈಕಾಲು ಹಿಡಿದರೋ ನನಗೆ ಗೊತ್ತಿಲ್ಲ. ಗಂಡಸರು ಮಗುವನ್ನು ದಫನ ಮಾಡಲು ಒಯ್ದರು, ಸಾಹೇಬರ ಡ್ರೈವರ್ ಉಮ್ಮನನ್ನೂ ನನ್ನನ್ನೂ ಮನೆಗೆ ತಂದು ಬಿಟ್ಟ. ಉಮ್ಮ ಚಾಪೆಯ ಮೇಲೆ ಕೂತರು. ಅಬಾಯ ತೆಗೆಯಲಿಲ್ಲ. ಅವರ ತುಟಿ ಆಡುತ್ತಿತ್ತು, ಎದೆ ಹಾರುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ನಾನು ಸ್ಟೂಲಿನ ಮೇಲೆ ನಿಂತು ಗಲ್ಲಿ ನೋಡಿದೆ, ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಉಪ್ಪ ಬಂದಾಗ ಬಿಸಿಲು ಇನ್ನೂ ಇತ್ತು. ಅವರ ಕಾಲಿನ ಬೆರಳುಗಳ ನಡುವೆ ಮಣ್ಣಿತ್ತು. ಅವರು ಉಮ್ಮನ ಎದುರು ಕೂತು, ಆ ಮನೆಯಲ್ಲಿ ನಾನು ಕೇಳಿರದಿದ್ದ ಸಹಜ ದನಿಯಲ್ಲಿ ಹೇಳಿದರು:

"ಇನ್ನು ಅಳು, ಮಾರಾಯ್ತಿ. ಯಾರಿಗೆ ಕೇಳಿದ್ರೂ ಕೇಳಲಿ. ಬಂದು ಎಳ್ಕೊಂಡು ಹೋಗುದಾದ್ರೆ ಹೋಗಲಿ. ಅಳು."

ಉಮ್ಮ ಅವರ ಕಡೆ ನೋಡಲಿಲ್ಲ. ಸ್ಟೂಲಿನ ಮೇಲಿದ್ದ ನನ್ನ ಕಡೆ ನೋಡಿದರು. ಆ ಕಣ್ಣು ಏನು ಕೇಳುತ್ತಿದೆಯೆಂದು ನನಗೆ ತಿಳಿಯಿತು. ನಾನು ಹೊರಗೆ ನೋಡಿದೆ, ಬಾಂಗಿಗೆ ಇನ್ನೂ ಹೊತ್ತಿತ್ತು, ಗಲ್ಲಿ ಸುಮ್ಮನಿತ್ತು. ನಾನು ಕೈ ಎತ್ತಿದೆ. ಎತ್ತಿದ ಕೂಡಲೇ ಉಮ್ಮ ಕೂಗಿದರು. ಮದುವೆಮನೆಗಳಲ್ಲಿ ಸಾಲು ಎತ್ತಿಕೊಡುತ್ತಿದ್ದ ಗಂಟಲು ಅದು, ನಾನು ಅದನ್ನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಗೋಡೆ, ಕಪಾಟಿನ ಗಾಜು, ನನ್ನ ಕಾಲಡಿಯ ಸ್ಟೂಲು ಎಲ್ಲವೂ ನಡುಗಿದ ಹಾಗಾಯಿತು. ಆಮೇಲೆ ದೊಡ್ಡ ದೊಡ್ಡ ಊರುಗಳಲ್ಲಿ ಹೆಸರಾಂತ ಗಂಟಲುಗಳಿಗೆ ನಾನು ಕೈ ಎತ್ತಿದ್ದೇನೆ. ಅಂಥದ್ದು ಇನ್ನೊಂದು ಬರಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ನನ್ನ ಮುಷ್ಟಿ ತಾನಾಗಿ ಬಿಗಿಯಿತು, ಉಮ್ಮನ ಅಳು ಅರ್ಧದಲ್ಲಿ ತುಂಡಾಯಿತು. ಉಪ್ಪ ಎದ್ದು, ಅಂಗಿಯ ಗುಂಡಿ ಸರಿಮಾಡಿಕೊಂಡು, ಪೊಲೀಸರ ಜೊತೆ ಹೊರಡಲು ತಯಾರಾದವರಂತೆ ಹೋಗಿ ಬಾಗಿಲು ತೆರೆದರು. ಪೊಲೀಸರಲ್ಲ. ಮೇಲಿನ ಮಹಡಿಯ ಹೈದರಾಬಾದಿನ ಹೆಂಗಸು, ನಾವು ಕಿಟಕಿಯ ಸಂದಿಯಿಂದ ಮಾತ್ರ ನೋಡಿದ್ದವರು, ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ. ಅವರ ಹಿಂದೆ ಇನ್ನಿಬ್ಬರು ಹೆಂಗಸರು, ಮೆಟ್ಟಿಲಲ್ಲಿ ಕಾವಲುಗಾರ ತಲೆ ತಗ್ಗಿಸಿ ನಿಂತಿದ್ದ. ಆಕೆ ಉಪ್ಪನನ್ನು ದಾಟಿ ನೇರ ಒಳಗೆ ಬಂದು, ಪಾತ್ರೆ ನೆಲದ ಮೇಲಿಟ್ಟು, ಉಮ್ಮನನ್ನು ಅಬಾಯದ ಸಮೇತ ಎದೆಗೆ ಒತ್ತಿಕೊಂಡರು. ಆಕೆಯ ಮಾತು ಉರ್ದುವಿನಲ್ಲಿತ್ತು. ನನಗೆ ಅರ್ಥವಾಗುವಷ್ಟು ಉರ್ದು ಆಗಲೇ ಬರುತ್ತಿತ್ತು.

"ಮಗು ಇರೋದು ಇಡೀ ಬಿಲ್ಡಿಂಗಿಗೆ ಗೊತ್ತಿತ್ತು ಅಮ್ಮಾ. ನೀವು ಹೆದರಬಾರದು ಅಂತ ನಾವೂ ಸುಮ್ಮನಿದ್ದೆವು. ನಾನು ದಿನಾ ನೆಲಕ್ಕೆ ಕಿವಿ ಇಟ್ಟು ಕಾಯ್ತಿದ್ದೆ. ಒಂದು ಸಲ ಅದು ಅಳಲಿ, ಅದೇ ನೆಪದಲ್ಲಿ ಕೆಳಗೆ ಬಂದು ಬಾಗಿಲು ಬಡಿಯೋಣ ಅಂತ."